ಕ್ಯಾಮೆರಾದ ಹಿಂದಿನ ಅನಗತ್ಯ ಸದ್ದಿನ ವಿಷಯವಾಗಿ

ಮಾನ್ಯರೇ,

ಹಳೆಯ ವಿಡಿಯೊ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ತೊಳೆದು, ಒರೆಸಿ, ಅಂದಗೊಳಿಸಿ ಕೊಡುವ ಮಹಾನ್ ತಂತ್ರಾಂಶವಾದ ತಮ್ಮ ಸನ್ನಿಧಿಗೆ, ತಮ್ಮ ನಲವತ್ತೆರಡು ಪುಟಗಳ ಷರತ್ತುಗಳನ್ನು ಓದದೆಯೇ ಒಪ್ಪಿಕೊಂಡ ಅಸಂಖ್ಯಾತ ಭಕ್ತರಲ್ಲಿ ಒಬ್ಬನಾದ ನಾನು ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಕಳೆದ ವಾರ ತಮಗೆ ಹೊಸ ಆವೃತ್ತಿ ಬಂದಿತೆಂದೂ, ಅದರಿಂದ ತಮ್ಮ ಬುದ್ಧಿ ಇನ್ನಷ್ಟು ಚುರುಕಾಗಿದೆಯೆಂದೂ ತಾವೇ ನನಗೆ ಮೂರು ಸಲ ತಿಳಿಸಿದ್ದೀರಿ. ಈ ಪತ್ರದ ವಿಷಯವೊಂದನ್ನು ಬಿಟ್ಟರೆ ನಾವೂ ಇಲ್ಲಿ ಕ್ಷೇಮ.

ಮೊದಲಿಗೆ ನನ್ನ ಪರಿಚಯ ಹೇಳಿಕೊಳ್ಳಬೇಕು. ನಾನು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ನಲ್ಲಿಯಲ್ಲಿ ನೀರಿಲ್ಲ ಎಂದು ಜನ ಬರೆದಾಗ, 'ತಮ್ಮ ಕಳಕಳಿಯನ್ನು ಮೆಚ್ಚುತ್ತೇವೆ, ವಿಷಯ ಪರಿಶೀಲನೆಯಲ್ಲಿದೆ' ಎಂದು ಉತ್ತರ ಬರೆಯುವುದು ನನ್ನ ಕೆಲಸವಾಗಿತ್ತು. ಒಂದು ಹನಿ ನೀರನ್ನೂ ಕೊಡದೆ ದೂರುದಾರನನ್ನು ಸಮಾಧಾನಪಡಿಸುವ ಆ ಕಲೆಯಲ್ಲಿ ನನಗೆ ಸರಿಸಾಟಿ ಯಾರೂ ಇಲ್ಲವೆಂದು ಬೀಗುತ್ತಿದ್ದೆ, ತಮ್ಮ ಗ್ರಾಹಕ ಸೇವೆಯ ಪರಿಚಯವಾಗುವವರೆಗೆ. ಇಷ್ಟು ವರ್ಷ ಉತ್ತರ ಬರೆದವನು ಈಗ ಮೊದಲ ಬಾರಿಗೆ ದೂರು ಬರೆಯುತ್ತಿದ್ದೇನೆ, ಆದ್ದರಿಂದ ಧಾಟಿ ಸ್ವಲ್ಪ ತಪ್ಪಿದರೆ ಕ್ಷಮಿಸಬೇಕು.

ವಿಷಯ ನನ್ನ ಅಕ್ಕನದು. ಅಕ್ಕ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆ, ಯಾವುದು ಹೊರಟಿದೆ, ಯಾವುದು ಕೆಟ್ಟು ನಿಂತಿದೆ ಎಂದು ಕೂಗಿ ಹೇಳುವ ಕೆಲಸದಲ್ಲಿದ್ದವಳು. ದಿನಕ್ಕೆ ಎಂಟು ಗಂಟೆ ಹೀಗೆ ಹೇಳಿ ಹೇಳಿ, ಮನೆಗೆ ಬಂದ ಮೇಲೂ ಯಾರು ಎದ್ದರು, ಯಾರು ಕೂತರು, ಯಾರು ಬಚ್ಚಲಿಗೆ ಹೋದರು ಎನ್ನುವುದನ್ನು ಹೇಳದೆ ಇರಲಾಗದ ಅಭ್ಯಾಸ ಅವಳಿಗೆ ಅಂಟಿಕೊಂಡಿತ್ತು. ಮೂವತ್ತಾರು ವರ್ಷಗಳ ಹಿಂದೆ ಫೋಟೋ ಸ್ಟುಡಿಯೋದವರೊಬ್ಬರು ಹಳೆಯದಾಯಿತೆಂದು ಮಾರಿದ, ಮಗುವಿನಷ್ಟು ತೂಕದ ಒಂದು ವಿಡಿಯೊ ಕ್ಯಾಮೆರಾವನ್ನು ಅವಳು ಹೆಗಲ ಮೇಲೆ ಹೊತ್ತು ಮನೆಗೆ ತಂದಳು. ಅಂದಿನಿಂದ ಅದನ್ನು ಇನ್ನೊಬ್ಬರ ಕೈಗೆ ಕೊಡಲಿಲ್ಲ. ಬರೀ ಚಿತ್ರ ತೆಗೆದರೆ ಆಮೇಲೆ ನೋಡುವವರಿಗೆ ಏನು ಅರ್ಥವಾದೀತು ಎನ್ನುವುದು ಅವಳ ವಾದ, ಹಾಗಾಗಿ ಕ್ಯಾಮೆರಾ ಓಡಲು ಶುರುವಾದ ಕ್ಷಣದಿಂದ ನಿಲ್ಲುವ ಕ್ಷಣದವರೆಗೆ ವಾರ, ತಾರೀಖು, ಗಂಟೆ, ಜನ, ಜನರ ಕೈಯಲ್ಲಿರುವ ಚೀಲ, ಚೀಲದೊಳಗೆ ಏನಿರಬಹುದೆಂಬ ಊಹೆ, ಎಲ್ಲವನ್ನೂ ಹೇಳುತ್ತಲೇ ಇರುವಳು. ಹೀಗೆ ಹದಿನಾಲ್ಕು ಕ್ಯಾಸೆಟ್ಟುಗಳಾದವು. ತೆಗೆದವಳು ಅವಳೇ ಆದ್ದರಿಂದ ಅವುಗಳಲ್ಲಿ ಎಲ್ಲಿಯೂ ಅವಳು ಕಾಣುವುದಿಲ್ಲ. ಅವಳ ದೇಹದ ಭಾಗವೆಂದು ಅಲ್ಲಿರುವುದು ಲೆನ್ಸಿಗೆ ಆಗಾಗ ಅಡ್ಡ ಬರುತ್ತಿದ್ದ ಬಲಗೈ ಹೆಬ್ಬೆರಳು ಮಾತ್ರ. ಆದರೆ ದನಿ ಮೊದಲಿಂದ ಕೊನೆಯವರೆಗೂ ಇತ್ತು, ಮೈಕಿಗೆ ಎಲ್ಲರಿಗಿಂತ ಹತ್ತಿರವಿದ್ದವಳು ಅವಳೇ ತಾನೇ.

ಹನ್ನೊಂದು ವರ್ಷಗಳ ಹಿಂದೆ ಗಂಟಲಿಗೆ ಕಾಯಿಲೆಯಾಗಿ ಶಸ್ತ್ರಚಿಕಿತ್ಸೆ ಮಾಡಿಸಬೇಕಾಯಿತು. ವೈದ್ಯರು ಅಕ್ಕನನ್ನು ಉಳಿಸಿದರು, ದನಿಯನ್ನು ಉಳಿಸಲಾಗಲಿಲ್ಲ. ಆಗ ನಮ್ಮಿಬ್ಬರ ಬಳಿ ಇದ್ದದ್ದು ಕರೆ ಮಾಡಿ ಮಾತಾಡುವುದೊಂದೇ ಬರುವ ಫೋನುಗಳು. ಮೈಕಿನಲ್ಲಿ ಹೇಳಿದ್ದೆಲ್ಲ ಆ ನಿಲ್ದಾಣದ ಹೊಗೆಯಲ್ಲೇ ಹೋಗಿತ್ತು. ಅಂದಿನಿಂದ ಅಕ್ಕ ಅಕ್ಷರ ಕಲಿಯುವ ಮಕ್ಕಳ ಪ್ಲಾಸ್ಟಿಕ್ ಸ್ಲೇಟಿನ ಮೇಲೆ ಬರೆದು, ಒರೆಸಿ, ಮತ್ತೆ ಬರೆದು ಮಾತಾಡುತ್ತಾಳೆ. ಬರೆಯುವ ವೇಗವೂ ಕಡಿಮೆಯೇನಿಲ್ಲ, ಬೈಗುಳವಾದರೆ ಒರೆಸುವುದೂ ಇಲ್ಲ. ಇಷ್ಟು ವರ್ಷ ಒಂದು ದಿನವೂ ಅತ್ತವಳಲ್ಲ. ಆದರೆ ಕಳೆದ ವರ್ಷ ಒಂದು ಮಧ್ಯಾಹ್ನ, ಬಟ್ಟೆ ಮಡಿಸುತ್ತ ಕೂತಿದ್ದವಳು ಸ್ಲೇಟೆತ್ತಿಕೊಂಡು ಬರೆದಳು: 'ನನ್ನ ದನಿ ಹೇಗಿತ್ತು ಅಂತ ನಂಗೇ ಮರೆತು ಹೋಗ್ತಾ ಇದೆ ಕಣೋ.' ಇದ್ದದ್ದು ಹೀಗೆ ಎಂದು ನಾನು ಅನುಕರಣೆ ಮಾಡಿ ತೋರಿಸಲು ಹೋದೆ. ಒರೆಸುವ ಬಟ್ಟೆಯನ್ನು ನನ್ನ ಮುಖಕ್ಕೆ ಎಸೆದಳು. ಅವಳ ದನಿ ಇನ್ನೆಲ್ಲಿದೆ ಎಂದು ಯೋಚಿಸಿದಾಗ ನನಗೆ ಅಟ್ಟದ ಮೇಲಿನ ಹದಿನಾಲ್ಕು ಕ್ಯಾಸೆಟ್ಟುಗಳ ನೆನಪಾಯಿತು, ಮತ್ತು ಅವುಗಳ ಮೂಲಕ ತಮ್ಮ ಪಾದಮೂಲಕ್ಕೆ ಬಂದೆ.

ಕ್ಯಾಸೆಟ್ಟು ಇಳಿಸುವುದೆಂದರೆ ಎಷ್ಟು ತಾಳ್ಮೆಯ ಕೆಲಸವೆಂದು ತಮಗೆ ನಾನು ಹೇಳಬೇಕಾಗಿಲ್ಲ. ಒಂದು ಗಂಟೆಯ ಟೇಪು ಇಳಿಯಲು ಒಂದು ಗಂಟೆಯೇ ಬೇಕು, ಅದಕ್ಕೆ ಅವಸರವೆಂಬುದು ಗೊತ್ತಿಲ್ಲ. ಊರೆಲ್ಲ ಹುಡುಕಿ, ರೇಡಿಯೋ ರಿಪೇರಿಯವರ ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆಗಳ ಕೆಳಗೆ ಸಿಕ್ಕಿಕೊಂಡಿದ್ದ ಒಂದು ಹಳೆಯ ಪ್ಲೇಯರನ್ನು ಪತ್ತೆ ಮಾಡಿ ತಂದೆವು. ಹಳದಿ, ಬಿಳಿ, ಕೆಂಪು ತಂತಿಗಳನ್ನು ಅದರ ಬೆನ್ನಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ತಮ್ಮ ಕಂಪನಿಯ ಪುಟ್ಟ ಡಬ್ಬಿಗೆ ಸಿಕ್ಕಿಸಿ, ಡಬ್ಬಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿದೆವು. ರಿಪೇರಿಯವರು ಪ್ರತಿ ಕ್ಯಾಸೆಟ್ಟನ್ನೂ ಮೂಸಿ ನೋಡಿ, "ಟೇಪಿನ ಮೇಲಿನ ಪುಡಿ ಉದುರ್ತಾ ಇದೆ ಸಾರ್. ಒಂದ್ಸಲ ಓಡುತ್ತೆ, ಎರಡನೇ ಸಲ ನನ್ನ ಕೇಳಬೇಡಿ" ಎಂದು ಎಚ್ಚರಿಸಿದ್ದರು. ಸದ್ದು ಇರುವುದು ಟೇಪಿನ ಅಂಚಿನಲ್ಲಂತೆ, ಸವೆಯುವಾಗ ಅಂಚೇ ಮೊದಲು ಸವೆಯುವುದಂತೆ. ಹದಿನಾಲ್ಕನೆಯದಕ್ಕೆ ಬೂಷ್ಟು ಹಿಡಿದಿದ್ದರಿಂದ ಅದನ್ನು ತೊಳೆದು ಕೊಡುತ್ತೇನೆಂದು ಅವರೇ ಇಟ್ಟುಕೊಂಡರು.

ಇಲ್ಲಿ ನಮ್ಮದೂ ಒಂದು ತಪ್ಪಿದೆ, ಅದನ್ನು ಮುಚ್ಚಿಡುವುದಿಲ್ಲ. ಅಕ್ಕನಿಗೆ ಯಾವುದನ್ನೂ ಅರ್ಧಂಬರ್ಧ ಅನುಭವಿಸುವುದು ಆಗದು. ಮಿಠಾಯಿ ಕೊಟ್ಟರೂ ಪೊಟ್ಟಣ ತುಂಬುವವರೆಗೆ ಕೂಡಿಟ್ಟು ಒಂದೇ ದಿನ ತಿನ್ನುವ ಜಾತಿ. 'ಎಲ್ಲ ಇಳಿದ ಮೇಲೆ ಒಂದು ಭಾನುವಾರ ಒಟ್ಟಿಗೆ ಕೇಳೋಣ, ಅಲ್ಲೀವರೆಗೂ ಸೌಂಡ್ ಬಂದ್' ಎಂದು ಬರೆದು ಆಜ್ಞೆ ಮಾಡಿದಳು. ಆದ್ದರಿಂದ ಹದಿಮೂರು ಕ್ಯಾಸೆಟ್ಟುಗಳು ಇಳಿಯುವಾಗಲೂ ನಾವು ಸ್ಪೀಕರನ್ನು ತೆಗೆದಿಟ್ಟು, ಚಿತ್ರವನ್ನಷ್ಟೇ ಓರೆಗಣ್ಣಿನಲ್ಲಿ ನೋಡುತ್ತ, ಕಿವಿಯ ಹಬ್ಬವನ್ನು ಮುಂದಕ್ಕೆ ಹಾಕುತ್ತ ಬಂದೆವು. ತಾವು ಆ ಅವಧಿಯಲ್ಲಿ ಬಗೆಬಗೆಯ ಸಂದೇಶಗಳನ್ನು ತೋರಿಸುತ್ತಿದ್ದಿರಿ. ಚಿತ್ರ ಸ್ಥಿರಗೊಂಡಿದೆ ಎಂದಿರಿ, ಬಣ್ಣ ಸರಿಹೋಗಿದೆ ಎಂದಿರಿ, ಅಡಚಣೆ ತೆಗೆಯಲಾಗಿದೆ ಎಂದಿರಿ. ಅಡಚಣೆಯೆಂದರೆ ಅಕ್ಕನ ಹೆಬ್ಬೆರಳು ಎಂದು ಆಮೇಲೆ ತಿಳಿಯಿತು. 'ಕ್ಯಾಮೆರಾದ ಹಿಂದಿನ ಅನಗತ್ಯ ಸದ್ದನ್ನು ತೆಗೆದು, ಜಾಗ ಉಳಿಸಲು ಮೂಲ ಪ್ರತಿಯನ್ನು ಅಳಿಸಲಾಗಿದೆ' ಎಂದೂ ಒಂದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತಿತ್ತು. ಸದ್ದೆಂದರೆ ಪ್ಲೇಯರಿನ ಗುರುಗುರು ಇರಬೇಕೆಂದುಕೊಂಡು, ಎಷ್ಟು ಜವಾಬ್ದಾರಿಯುಳ್ಳ ತಂತ್ರಾಂಶವಪ್ಪಾ ಎಂದು ನಾನು ಮೆಚ್ಚಿಕೊಂಡೆ.

ಆ ಭಾನುವಾರ ಬಂತು. ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದು ಪರದೆಯ ಮುಂದೆ ಕೂತಳು. ನನ್ನ ಹೆಂಡತಿ ಹೊರಬಾಗಿಲಿಗೆ ಚಿಲಕ ಹಾಕಿ ಬಂದಳು. ತಾವು ಶುದ್ಧಗೊಳಿಸಿದ ಮೊದಲ ವಿಡಿಯೊ ಶುರುವಾಯಿತು, ಮತ್ತು ತಮ್ಮ ಕೈಚಳಕದ ಬಗ್ಗೆ ಎರಡು ಮಾತಿಲ್ಲ. ತೀರಿಕೊಂಡು ಹದಿನೇಳು ವರ್ಷವಾದ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಾಳೆ, ಕೈಬಳೆಯ ಗೀರು ಕೂಡ ಕಾಣುತ್ತದೆ. ಅಮ್ಮ ನೇರವಾಗಿ ನಮ್ಮನ್ನು ನೋಡಿ, "ಸುಮ್ನಿರೇ, ಎಷ್ಟು ಮಾತಾಡ್ತೀಯ" ಎನ್ನುತ್ತಾಳೆ. ಯಾರಿಗೆ ಎಂದು ನೋಡಿದರೆ ಯಾರಿಗೂ ಇಲ್ಲ. ಪರದೆ ನಿಶ್ಶಬ್ದ. ಮುಂದಿನ ದೃಶ್ಯದಲ್ಲಿ ಅಪ್ಪ ಪತ್ರಿಕೆಯ ಹಿಂದಿನಿಂದ ತಲೆಯೆತ್ತಿ, "ಆ ಬಾಯಿಗೆ ಸ್ವಲ್ಪ ಬ್ರೇಕ್ ಹಾಕಮ್ಮಾ" ಎನ್ನುತ್ತಾನೆ. ಮತ್ತೆ ನಿಶ್ಶಬ್ದ. ಮೀಸೆ ಆಗಷ್ಟೇ ದಪ್ಪಗಾಗಿದ್ದ ಇಪ್ಪತ್ತಾರು ವರ್ಷದ ನಾನು ಕ್ಯಾಮೆರಾದತ್ತ ಕೈ ಬೀಸಿ, "ಅಕ್ಕಾ, ನಿನ್ನ ದನಿ ರೆಕಾರ್ಡ್ ಆಗುತ್ತೆ, ಬಾಯಿ ಮುಚ್ಚೇ" ಎನ್ನುತ್ತೇನೆ. ಎರಡನೆಯ ಕ್ಯಾಸೆಟ್ಟಿನಲ್ಲಿ ದೊಡ್ಡಮಾವ, ಮೂರನೆಯದರಲ್ಲಿ ಪಕ್ಕದ ಮನೆಯ ಅಜ್ಜಿ, ಒಬ್ಬರಾದ ಮೇಲೆ ಒಬ್ಬರು ಬಂದು, ಇಲ್ಲದ ಯಾರಿಗೋ ಬಾಯಿ ಮುಚ್ಚಲು ಹೇಳಿ ಹೋಗುತ್ತಾರೆ. ಹದಿಮೂರು ಕ್ಯಾಸೆಟ್ಟುಗಳಲ್ಲಿ ಒಂದು ಇಡೀ ಕುಟುಂಬ ಖಾಲಿ ಗಾಳಿಯನ್ನು ಗದರುತ್ತದೆ.

ಗದರುವುದನ್ನಾದರೂ ಸಹಿಸಬಹುದಿತ್ತು. ಐದನೆಯದರಲ್ಲಿ ಅಮ್ಮ ಮೆಟ್ಟಿಲ ಮೇಲೆ ಕೂತು, ಕ್ಯಾಮೆರಾವನ್ನೇ ನೋಡುತ್ತ, ಏನನ್ನೋ ಕೇಳಿಸಿಕೊಂಡು, ತಡೆದುಕೊಳ್ಳಲು ನೋಡಿ, ಆಗದೆ, ಹೊಟ್ಟೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಂತೆ ನಗುತ್ತಾಳೆ. ಅಮ್ಮ ಅಷ್ಟು ನಕ್ಕದ್ದನ್ನು ನಾನು ಇನ್ಯಾವತ್ತೂ ಕಂಡಿಲ್ಲ. ನಗಿಸಿದವಳು ಪಕ್ಕದಲ್ಲೇ ಕೂತಿದ್ದಳು. ಅಕ್ಕ ಆ ಭಾಗವನ್ನು ನಾಲ್ಕು ಸಲ ಹಿಂದೆ ಓಡಿಸಿ ನೋಡಿ, ಸ್ಲೇಟು ತೆಗೆದುಕೊಂಡು, 'ನಾನು ಏನಂದೆ?' ಎಂದು ಬರೆದು ನನ್ನ ಕಡೆ ತಿರುಗಿಸಿದಳು. ಉತ್ತರ ಬರೆಯುವುದನ್ನೇ ಬದುಕು ಮಾಡಿಕೊಂಡಿದ್ದವನು ಅಂದು ತಲೆ ತಗ್ಗಿಸಿಕೊಂಡು ಕೂತೆ.

ಮಾರನೆಯ ದಿನ ಮೊದಲ ಕ್ಯಾಸೆಟ್ಟನ್ನು ಮತ್ತೊಮ್ಮೆ ಓಡಿಸಲು ಹೋದಾಗ ಪ್ಲೇಯರು ಅದನ್ನು ನೂಲು ಬಿಚ್ಚಿದಂತೆ ಎಳೆದು ಅಗಿದು ಹಾಕಿತು. ಎರಡನೆಯದರಲ್ಲಿ ಬರೀ ಸುಯ್ಯೆನ್ನುವ ಸದ್ದು ಬಂತು. ರಿಪೇರಿಯವರು ಹದಿಮೂರರ ಅಂಚನ್ನೂ ಕನ್ನಡಕ ಹಣೆಗೇರಿಸಿ ಬೆಳಕಿಗೆ ಹಿಡಿದು ನೋಡಿ, ಎಲ್ಲ ಸವೆದಿದೆ ಎಂದು ಡಬ್ಬದೊಳಗೆ ಇಟ್ಟು ವಾಪಸು ಕೊಟ್ಟರು. ಆಗ ನಾನು ತಮ್ಮ ಸಹಾಯ ಕೇಂದ್ರಕ್ಕೆ ಬರೆದೆ. ಮೂರು ಕ್ಷಣದಲ್ಲಿ ಉತ್ತರ ಬಂತು: 'ತಮ್ಮ ಅಮೂಲ್ಯ ನೆನಪುಗಳ ಭಾಗವಾಗಿರುವುದು ನಮಗೆ ಹೆಮ್ಮೆ. ತೆಗೆದ ಸದ್ದು ಅನಗತ್ಯವಾದ್ದರಿಂದ ಅದನ್ನು ಎಲ್ಲಿಯೂ ಇಡಲಾಗುವುದಿಲ್ಲ. ಬೇರೇನಾದರೂ ನೆರವು ಬೇಕೇ?' ಮಾನ್ಯರೇ, ನಾನು ಆ ಮೂರು ವಾಕ್ಯಗಳನ್ನು ಮುದ್ರಿಸಿ, ಚೌಕಟ್ಟು ಹಾಕಿಸಿ, ನಮ್ಮ ಹಳೆಯ ಕಚೇರಿಯ ಗೋಡೆಗೆ ತೂಗುಹಾಕಬೇಕೆಂದಿದ್ದೇನೆ. ನನಗೆ ಇಂಥದೊಂದು ಉತ್ತರ ಬರೆಯಲು ಎರಡು ದಿನವೂ ಮೇಲಧಿಕಾರಿಯ ರುಜುವೂ ಬೇಕಾಗುತ್ತಿತ್ತು.

ತಮ್ಮ ಪ್ರತಿಭೆ ಬರೀ ಮನೆಯ ವಿಡಿಯೊಗಳಿಗೆ ಸೀಮಿತವಾಗಿರುವುದು ಸಮಾಜಕ್ಕೆ ನಷ್ಟವೆಂದೇ ನನ್ನ ಭಾವನೆ. ದಯವಿಟ್ಟು ತಾವು ಒಮ್ಮೆ ನಮ್ಮ ಇಲಾಖೆಯ ಮಾಸಿಕ ಸಭೆಗೆ ಬಿಜಯಂಗೈಯಬೇಕು. ಅಲ್ಲಿ ಅನಗತ್ಯವಾದದ್ದನ್ನೆಲ್ಲ ತೆಗೆದರೆ ಕುರ್ಚಿ ಎಳೆಯುವ ಸದ್ದು ಮಾತ್ರ ಉಳಿಯುವುದರಿಂದ ಜಾಗ ಬಹಳ ಉಳಿದೀತು. ಹಾಗೆಯೇ, ತೆಗೆದದ್ದನ್ನು ಎಲ್ಲಿಯೂ ಇಡುವುದಿಲ್ಲವೆಂದು ತಾವು ಹೇಳಿದರೂ, ಒಬ್ಬ ಹಳೆಯ ಗುಮಾಸ್ತನಾಗಿ ನನಗೆ ನಂಬಿಕೆಯಿಲ್ಲ. ಇಲ್ಲವೆಂದು ಬರೆದುಕೊಟ್ಟ ಎಷ್ಟೋ ಕಡತಗಳು ನನ್ನ ಮೇಜಿನ ಕಾಲಿನ ಕೆಳಗೇ ಇರುತ್ತಿದ್ದವು. ಎಲ್ಲೋ ಒಂದು ಕಡೆ ತಾವು ಜಗತ್ತಿನ ಮನೆಗಳಿಂದೆಲ್ಲ ಬಾಚಿ ತೆಗೆದ, ಕ್ಯಾಮೆರಾದ ಹಿಂದಿನ ಅಕ್ಕಂದಿರು, ಅತ್ತೆಯರು, ಚಿಕ್ಕಪ್ಪಂದಿರು ರಾಶಿಯಾಗಿ ಬಿದ್ದು, 'ಇತ್ತ ನೋಡು, ಸ್ವಲ್ಪ ನಗು, ಕಣ್ಣು ಮುಚ್ಚಬೇಡ' ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿರಬೇಕು. ಆ ರಾಶಿಯ ಬಾಗಿಲು ತೆರೆದು, ಬಸ್ಸು ಹೊರಡುವ ಧಾಟಿಯಲ್ಲಿ ಮಾತಾಡುವವಳೊಬ್ಬಳನ್ನು ಹುಡುಕಿ ಕಳಿಸಿಕೊಟ್ಟರೆ ಸಾಕು, ಗುರುತು ಹಿಡಿಯುವ ಕೆಲಸ ನಮಗಿರಲಿ.

ಇಷ್ಟೆಲ್ಲ ಬರೆದ ಮೇಲೆ ಒಂದು ಮಾತನ್ನು ನುಂಗಿಕೊಂಡರೆ ನನಗೆ ನಿದ್ದೆ ಬಾರದು. ಅನಗತ್ಯ ಸದ್ದು ಯಾವುದೆಂದು ತಮಗೆ ಗೊತ್ತಾದದ್ದು ಹೇಗೆ ಎಂದು ನಾನು ಬಹಳ ಯೋಚಿಸಿದೆ. ಆ ಹದಿಮೂರು ಕ್ಯಾಸೆಟ್ಟುಗಳಲ್ಲಿ ಎಲ್ಲರೂ ಸೇರಿ ಒಬ್ಬಳಿಗೇ ಸುಮ್ಮನಿರಲು ಹೇಳುತ್ತಿದ್ದೇವೆ. ತಾವು ಕೇಳಿಸಿಕೊಂಡಿರಿ, ವಿಧೇಯರಾಗಿ ನಡೆಸಿಕೊಟ್ಟಿರಿ. ನಾವು ಇಡೀ ಕುಟುಂಬ ಸೇರಿ ವರ್ಷಾನುಗಟ್ಟಲೆ ಯತ್ನಿಸಿಯೂ ಆಗದ ಕೆಲಸವನ್ನು ತಾವು ಹದಿಮೂರು ಮಧ್ಯಾಹ್ನಗಳಲ್ಲಿ ಮುಗಿಸಿದಿರಿ. ಎಲ್ಲರಿಗಿಂತ ಹೆಚ್ಚು ಸಲ ಬಾಯಿ ಮುಚ್ಚೆಂದವನು ನಾನೇ ಎಂದು ಈಗ ಎಣಿಸಿ ನೋಡಿದ್ದೇನೆ. ತಮ್ಮ ಮೇಲಿನ ನನ್ನ ಸಿಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ಮೇಲಿನದು, ಅದನ್ನು ತಾವು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿಲ್ಲ.

ಕಳೆದ ಗುರುವಾರ ರಿಪೇರಿಯವರು ಹದಿನಾಲ್ಕನೆಯ ಕ್ಯಾಸೆಟ್ಟನ್ನು, ಮೃದು ಬಟ್ಟೆಯಲ್ಲಿ ಮೊಳಮೊಳ ಒರೆಸಿ, ಹೊಸ ಡಬ್ಬಕ್ಕೆ ಸುತ್ತಿ, ತಾವೇ ಮನೆಗೆ ತಂದುಕೊಟ್ಟರು. ಬೇರೆ ತಂತ್ರಾಂಶದ ಮೊರೆ ಹೋಗೋಣವೆಂದರೆ, ತಮ್ಮ ಡಬ್ಬಿ ತಮ್ಮನ್ನು ಬಿಟ್ಟು ಇನ್ನಾರ ಜೊತೆಯಲ್ಲೂ ಮಾತಾಡುವುದಿಲ್ಲವೆಂದು ಹಟ ಹಿಡಿಯಿತು. ಆಗ ನಾನು ಎರಡು ದಿನ ಕನ್ನಡಕ ಬದಲಾಯಿಸಿ ಬದಲಾಯಿಸಿ ಹುಡುಕಿ, ತಮ್ಮ ಏಳು ಬಾಗಿಲುಗಳ ಒಳಗೆ, 'ಅನುಭವ' ಎಂಬ ಕೋಣೆಯ ಮೂಲೆಯಲ್ಲಿ, ಸುಧಾರಣೆಯನ್ನು ನಿಲ್ಲಿಸುವ ಗುಂಡಿಯನ್ನು ಕಂಡುಹಿಡಿದೆ. ಆದರೆ ಒಳ್ಳೆಯ ಕೆಲಸವನ್ನು ಪೂರ್ತಿ ನಿಲ್ಲಿಸುವುದು ತಮ್ಮ ಜಾಯಮಾನದಲ್ಲಿಲ್ಲ. ಟೇಪು ಓಡುತ್ತಿರುವಾಗ ಎರಡೆರಡು ನಿಮಿಷಕ್ಕೊಮ್ಮೆ ತಾವು ಬಂದು, ಅನಗತ್ಯ ದನಿಯೊಂದನ್ನು ಗುರುತಿಸಿ, 'ತೆಗೆಯೋಣವೇ?' ಎಂದು ಕೇಳುತ್ತೀರಿ. ಕೆಳಗೆ ಎರಡು ಗುಂಡಿಗಳು. ಒಂದು 'ಹೌದು', ಇನ್ನೊಂದು 'ನಂತರ'. 'ಬೇಡ' ಎಂಬ ಗುಂಡಿಯಿಲ್ಲ. ಹತ್ತರಿಂದ ಸೊನ್ನೆಯವರೆಗೆ ಎಣಿಸುವುದರೊಳಗೆ ಯಾರೂ ಏನೂ ಒತ್ತದಿದ್ದರೆ ಹೌದೆಂದೇ ತಿಳಿದು ತಾವು ಮುಂದುವರಿಯುತ್ತೀರಿ.

ಈ ಸಲ ಸ್ಪೀಕರು ಹಾಕಿಯೇ ಓಡಿಸಿದೆವು. ಮೊದಲು ಸುಯ್ಯೆಂದಿತು, ಪರದೆಯ ಮೇಲೆ ಬಿಳಿ ಗೆರೆಗಳು ಹರಿದವು, ಅಡುಗೆಮನೆಯ ಬಾಗಿಲು ಕಂಡಿತು, ಅಕ್ಕನ ದನಿ ಬಂತು. "ಪ್ರಯಾಣಿಕರ ಗಮನಕ್ಕೆ. ಇವತ್ತು ಭಾನುವಾರ, ಹತ್ತೂ ಹತ್ತು. ಅಡುಗೆಮನೆಯಿಂದ ಹತ್ತು ಗಂಟೆಗೇ ಹೊರಡಬೇಕಾಗಿದ್ದ ಅಮ್ಮ, ಅನಿವಾರ್ಯ ಕಾರಣಗಳಿಂದ ಇನ್ನೂ ಸೀರೆ ಬದಲಾಯಿಸಿಲ್ಲ. ತಮಗಾದ ತೊಂದರೆಗೆ ಅಪ್ಪನ ಪರವಾಗಿ ವಿಷಾದಿಸುತ್ತೇವೆ." ಸ್ವಲ್ಪ ಒರಟು ದನಿ, ಕೊನೆಯ ಅಕ್ಷರವನ್ನು ಎಳೆಯುವ ಅಭ್ಯಾಸ, ನಗು ತಡೆದುಕೊಂಡಾಗ ಮೂಗಿನಿಂದ ಬರುವ ಒಂದು ಸಣ್ಣ ಉಸಿರು. ನಾನು ಅನುಕರಿಸಿದ್ದು ಇದರ ಹತ್ತಿರವೂ ಇರಲಿಲ್ಲ. ನನ್ನ ಹೆಂಡತಿ ಗೋಡೆಯ ಕಡೆ ತಿರುಗಿ ನಿಂತಳು. ಅಕ್ಕ ಮಾತ್ರ ಅಲುಗಾಡಲಿಲ್ಲ. ಒಂದು ಕೈಯನ್ನು ಗಂಟಲ ಮೇಲೆ ಇಟ್ಟುಕೊಂಡು, ಬೇರೆಯವರ ಸುದ್ದಿ ಕೇಳುವವಳ ಹಾಗೆ ಕೇಳುತ್ತಿದ್ದಳು. ಅಷ್ಟರಲ್ಲಿ ತಾವು ಬಂದಿರಿ. 'ಅನಗತ್ಯ ದನಿ. ತೆಗೆಯೋಣವೇ?' ನಾನು ಗಡಿಬಿಡಿಯಿಂದ ಮೌಸಿಗೆ ಕೈ ಹಾಕುವುದರೊಳಗೆ ಅಕ್ಕ ನನ್ನ ಕೈಯನ್ನು ತಳ್ಳಿ, ಮೌಸನ್ನು ತನ್ನ ಕಡೆ ಎಳೆದುಕೊಂಡು, ತಾನೇ 'ನಂತರ' ಒತ್ತಿದಳು.

ಒಂದೂವರೆ ಗಂಟೆಯಲ್ಲಿ ತಾವು ನಲವತ್ತನಾಲ್ಕು ಸಲ ಕೇಳಿದಿರಿ, ಅವಳು ನಲವತ್ತನಾಲ್ಕು ಸಲವೂ ಒತ್ತಿದಳು. ಅದರಲ್ಲಿ ನಲವತ್ತಮೂರು ಸಲ ಒತ್ತಿದ್ದು ಕ್ಷಣಾರ್ಧದಲ್ಲಿ. ಕೊನೆಯದನ್ನು ಮಾತ್ರ ತಮಗೆ ವಿವರವಾಗಿ ತಿಳಿಸಬೇಕು. ಟೇಪು ಮುಗಿಯುವ ಹೊತ್ತಿಗೆ ಆ ಇಪ್ಪತ್ತಾರರ ನಾನು ಕ್ಯಾಮೆರಾದ ತೀರ ಹತ್ತಿರ ಮೂತಿ ತಂದು, "ಅಕ್ಕಾ, ಸಾಕು ಬಾಯಿ ಮುಚ್ಚೇ, ನಿನ್ನ ಮಾತು ಯಾರಿಗೆ ಬೇಕಾಗಿದೆ" ಎಂದೆ. ತಾವು ತಕ್ಷಣ ಬಂದು, ಇದೇ ಮೊದಲ ಬಾರಿಗೆ, ನನ್ನ ದನಿಯನ್ನು ಅನಗತ್ಯವೆಂದು ಗುರುತಿಸಿ, ತೆಗೆಯೋಣವೇ ಎಂದು ಕೇಳಿದಿರಿ. ಎಣಿಕೆ ಶುರುವಾಯಿತು. ಅಕ್ಕ ಮೌಸಿನ ಮೇಲೆ ಕೈಯಿಟ್ಟು ಪರದೆಯಿಂದ ಕಣ್ಣು ತೆಗೆದು ನನ್ನನ್ನು ನೋಡಿದಳು. ಒಂಬತ್ತಾಯಿತು, ಏಳಾಯಿತು, ನಾಲ್ಕಾಯಿತು, ಅವಳು ನೋಡುತ್ತಲೇ ಇದ್ದಳು. ಕ್ಷಮಿಸು ಎಂದು ಹೇಳಲು ಮೂವತ್ತಾರು ವರ್ಷ ಸಮಯವಿದ್ದವನು ಆಗ ಬಾಯಿಬಿಟ್ಟು ಹೇಳಿದೆ. ಒಂದು ಎಂದು ಬಂದಾಗ ಅವಳು 'ನಂತರ' ಒತ್ತಿದಳು.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆಯೇನೆಂದರೆ, ಮುಂದಿನ ಆವೃತ್ತಿಯಲ್ಲಿ ದಯವಿಟ್ಟು ಮೂರನೆಯ ಗುಂಡಿಯೊಂದನ್ನು ಕೂಡಿಸಿ. ಅದರ ಮೇಲೆ 'ಬೇಡ' ಎಂದು ದೊಡ್ಡ ಅಕ್ಷರದಲ್ಲಿ ಬರೆದರಾಯಿತು. ಅದನ್ನು ಮಾಡುವುದಾಗದಿದ್ದರೆ, ವಿಷಯ ಪರಿಶೀಲನೆಯಲ್ಲಿದೆ ಎಂದಾದರೂ ಉತ್ತರಿಸಿ. ಆ ವಾಕ್ಯವನ್ನು ಓದುವವನ ಜಾಗದಲ್ಲಿ ಕೂತು ನೋಡುವ ಅವಕಾಶ ನನಗೂ ಸಿಗಲಿ.

ಷರತ್ತುಗಳನ್ನು ಈಗ ಪೂರ್ತಿ ಓದಿ ಮುಗಿಸಿರುವ,
ತಮ್ಮ ವಿಶ್ವಾಸಿ,
ದೂರು ವಿಭಾಗದ ನಿವೃತ್ತ ಗುಮಾಸ್ತ

ತಾಜಾ ಕಲಂ: ಈ ಪತ್ರ ಬರೆದು ಮುಗಿಸುವಷ್ಟರಲ್ಲಿ ತಮ್ಮಿಂದ ಹೊಸ ಸಂದೇಶವೊಂದು ಬಂತು. ದನಿ ಇಲ್ಲದ ಗ್ರಾಹಕರಿಗೆ ತಾವೇ ಕೃತಕ ದನಿಯನ್ನು ತಯಾರಿಸಿ ಕೊಡುವಿರೆಂದೂ, ಸದ್ಯಕ್ಕೆ ಮೃದು, ವಿನಮ್ರ, ಹರ್ಷಚಿತ್ತ ಎಂಬ ಮೂರು ಬಗೆಗಳಿವೆಯೆಂದೂ ತಿಳಿದು ಸಂತೋಷವಾಯಿತು. ಅಕ್ಕನಿಗೆ ಓದಿ ಹೇಳಿದೆ. ಬೈಯುವ ದನಿ ಇದೆಯಾ ಕೇಳು ಎಂದು ಬರೆದಳು. ಇದ್ದರೆ ದಯವಿಟ್ಟು ಬೇಗ ಕಳಿಸಿಕೊಡಿ, ಮೊದಲ ಕರೆಯನ್ನು ತಮಗೇ ಮಾಡುತ್ತಾಳಂತೆ.